ಮನೆಯವರು, ಗೆಳೆಯರ ಜೊತೆ ಮೊದಲ ಜಿಂಕೆ ಬೇಟೆ: ಅಮೆರಿಕದ ಕನ್ನಡಿಗರಿಗೊಂದು ಕೈಪಿಡಿ

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರತೊಡಗುತ್ತದೆ. ಕಚೇರಿಯ ಗೆಳೆಯ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಕರೆದಿದ್ದಾನೆ, ಹೋಗಬಹುದೇ? ಸೊಸೆಯ ತವರಿನವರು ತಲೆತಲಾಂತರದಿಂದ ಬೇಟೆಯಾಡುವವರು, ಮೊಮ್ಮಗನನ್ನೂ ಕರೆದೊಯ್ಯುತ್ತಾರಂತೆ, ಏನೇನು ಬೇಕು? ವೀಸಾದ ಮೇಲೆ ಬಂದವರು ಬಂದೂಕು ಮುಟ್ಟಬಹುದೇ? ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಗಂಟೆ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಗೆರೆ ಎಳೆಯುತ್ತೇನೆ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಬಿಳಿಬಾಲದ ಜಿಂಕೆಯ ಬೇಟೆಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿ ಅದು ಸರ್ಕಾರವೇ ಲೆಕ್ಕ ಹಾಕಿ, ಋತು ಗೊತ್ತುಮಾಡಿ, ಲೈಸೆನ್ಸ್ ಕೊಟ್ಟು ನಡೆಸುವ ವ್ಯವಹಾರ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚುಕ್ಕಿ ಜಿಂಕೆ, ಕಡವೆ ಇವುಗಳ ಬೇಟೆ ಅಪರಾಧ. ಊರಿಗೆ ಹೋದಾಗ ಇದನ್ನು ಓದಿದ ನೆನಪಿನಲ್ಲಿ ಯಾರೂ ಕೋವಿ ಹೊರಗೆ ತೆಗೆಯಬೇಡಿ.

ಇನ್ನೊಂದು ಮಾತು, ಇಡೀ ಲೇಖನದುದ್ದಕ್ಕೂ ಬರುವಂಥದ್ದು. ಅಪರಿಚಿತರ ಜೊತೆ ಬೇಟೆಗೆ ಹೋದವರು ಎಚ್ಚರದಿಂದಿರುತ್ತಾರೆ. ನಮ್ಮವರ ಜೊತೆ ಹೋದಾಗ ಅಡ್ಡ ಬರುವುದು ದಾಕ್ಷಿಣ್ಯ. ಭಾವನ ಬಂದೂಕಿನ ನಳಿಗೆ ನಮ್ಮ ಹೊಟ್ಟೆಯತ್ತ ತಿರುಗಿದ್ದರೂ "ಹೇಗಪ್ಪಾ ಹೇಳುವುದು" ಎಂದು ಸುಮ್ಮನಿರುತ್ತೇವೆ. ಆ ಸ್ವಭಾವವನ್ನು ಮನೆಯಲ್ಲೇ ಬಿಟ್ಟು ಹೊರಡಿ.

1. ಮೊದಲು ಕಾಗದಪತ್ರ

ಆಗಸ್ಟ್ ತಿಂಗಳಲ್ಲೇ ಆರಂಭಿಸಿ. ಬೇಕಾದದ್ದು ಮೂರು: ಬೇಟೆ ಶಿಕ್ಷಣದ ಪ್ರಮಾಣಪತ್ರ, ಲೈಸೆನ್ಸ್, ಟ್ಯಾಗ್. ಟ್ಯಾಗ್ ಎಂದರೆ ಕೊಂದ ಜಿಂಕೆಗೆ ಹಚ್ಚುವ ಚೀಟಿ. ಒಂದು ಟ್ಯಾಗಿಗೆ ಒಂದು ಜಿಂಕೆ, ಅಷ್ಟೇ. ಕೊಂಬಿರುವ ಗಂಡಿಗೆ ಬೇರೆ, ಕೊಂಬಿಲ್ಲದ ಹೆಣ್ಣಿಗೆ ಬೇರೆ ಟ್ಯಾಗ್ ಇರುವ ರಾಜ್ಯಗಳೇ ಹೆಚ್ಚು. ಗಂಡಿನ ಕೊಂಬಿಗೆ ಕನಿಷ್ಠ ಇಷ್ಟು ಕವಲು ಇರಬೇಕೆಂಬ ನಿಯಮವೂ ಕೆಲವೆಡೆ ಉಂಟು. ಪೆನ್ಸಿಲ್ವೇನಿಯಾ ಇದನ್ನು 2002ರಿಂದ ಪಾಲಿಸುತ್ತಿದೆ.

ಬೇಟೆ ಶಿಕ್ಷಣ ಯಾರಿಗೆ ಕಡ್ಡಾಯ ಎಂಬುದು ಹುಟ್ಟಿದ ದಿನಾಂಕದ ಮೇಲೆ ನಿಂತಿದೆ. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ನಂತರ ಹುಟ್ಟಿದವರು, ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ನಂತರ ಹುಟ್ಟಿದವರು, ಮಿಷಿಗನ್‌ನಲ್ಲಿ 1960ರ ಜನವರಿ 1 ಅಥವಾ ನಂತರ ಹುಟ್ಟಿದವರು ಈ ತರಬೇತಿ ಮುಗಿಸಿರಬೇಕು. ಹೆಚ್ಚಿನ ಭಾಗವನ್ನು ಆನ್‌ಲೈನಿನಲ್ಲಿ ಓದಬಹುದು. ಒಂದು ರಾಜ್ಯದ ಪ್ರಮಾಣಪತ್ರವನ್ನು ಉಳಿದ ರಾಜ್ಯಗಳೂ ಒಪ್ಪುತ್ತವೆ. ತರಬೇತಿ ಇಲ್ಲದೆಯೂ ಅನುಭವಿಯೊಬ್ಬರ ಪಕ್ಕದಲ್ಲಿದ್ದು ಬೇಟೆಯಾಡಲು ಬಿಡುವ ಅಪ್ರೆಂಟಿಸ್ ಲೈಸೆನ್ಸ್ ಹಲವೆಡೆ ಸಿಗುತ್ತದೆ. ಆದರೂ ನನ್ನ ಸಲಹೆ ತರಬೇತಿಯ ಪರವೇ. ಬಂದೂಕನ್ನೇ ನೋಡದೆ ಬೆಳೆದ ನಮ್ಮಂಥವರಿಗೆ ಅಲ್ಲಿ ಕಲಿಸುವ ಸಣ್ಣಪುಟ್ಟ ಸಂಗತಿಗಳೇ ಮುಂದೆ ಕೈಹಿಡಿಯುತ್ತವೆ.

ಈಗ ವೀಸಾ ವಿಚಾರ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅಮೆರಿಕದ ಕೇಂದ್ರ ಕಾನೂನಿನಂತೆ ಎಚ್1ಬಿ, ಎಲ್1, ಎಫ್1ರಂಥ ತಾತ್ಕಾಲಿಕ ವೀಸಾದ ಮೇಲೆ ದೇಶದೊಳಗೆ ಬಂದವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. "ಸ್ವಂತ ಬಂದೂಕಲ್ಲ, ಗೆಳೆಯನದು, ಸುಮ್ಮನೆ ಗುರಿ ಅಭ್ಯಾಸಕ್ಕೆ ಹಿಡಿದೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕೈಯಲ್ಲಿ ಹಿಡಿದರೂ ಅದು ಹೊಂದಿದಂತೆಯೇ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಲೈಸೆನ್ಸ್, ಆಮೇಲೆ ಅಭ್ಯಾಸ. ಲೈಸೆನ್ಸಿನ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ ಎಂಬುದನ್ನು ಮರೆಯಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಕೇಂದ್ರದ ಕಾನೂನಿನ ಮೇಲೆ ರಾಜ್ಯದ್ದೂ ಇರುತ್ತದೆ. ಇಲಿನಾಯ್ ನಿವಾಸಿಗಳು ಬಂದೂಕು ಇಟ್ಟುಕೊಳ್ಳಲು ಎಫ್‌ಒಐಡಿ ಎಂಬ ಪ್ರತ್ಯೇಕ ಗುರುತಿನ ಚೀಟಿ ಪಡೆಯಬೇಕು. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾದವರು ಸ್ವಲ್ಪವಾದರೂ ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಜಿಂಕೆ ಮುಂದಿನ ವರ್ಷವೂ ಇರುತ್ತದೆ.

ರಾಜ್ಯದ ನಿವಾಸಿಗಳಿಗೆ ಲೈಸೆನ್ಸ್ ಅಗ್ಗ, ಹೊರಗಿನವರಿಗೆ ಹಲವು ಪಟ್ಟು ದುಬಾರಿ. ಆದರೆ ಹೊಸ ಕೆಲಸಕ್ಕೆಂದು ಬಂದಿಳಿದ ಕೂಡಲೇ ನಿವಾಸಿ ಎನಿಸಿಕೊಳ್ಳುವುದಿಲ್ಲ. ಟೆಕ್ಸಾಸಿನಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ನೆಲೆಸಿರಬೇಕು. ಹಣ ಉಳಿಸಲು ಇಲ್ಲಿ ಸುಳ್ಳು ಹೇಳಿದರೆ ಅದೇ ಒಂದು ಅಪರಾಧ.

2. ಯಾವ ವಾರ, ಯಾವ ನೆಲ

ಬಿಲ್ಲು ಬಾಣದ ಋತು ಬಹುತೇಕ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ತೆರೆಯುತ್ತದೆ. ಮನೆಮಂದಿಯೆಲ್ಲ ಸೇರುವುದು ಬಂದೂಕಿನ ಋತುವಿಗೆ. ಮಿಷಿಗನ್‌ನಲ್ಲಿ ಅದು ನವೆಂಬರ್ 15ರಿಂದ 30. ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ. ಪೆನ್ಸಿಲ್ವೇನಿಯಾದಲ್ಲಿ ಬಹುಕಾಲ ಹಬ್ಬದ ನಂತರದ ಸೋಮವಾರ ಆರಂಭವಾಗುತ್ತಿತ್ತು, 2019ರಿಂದ ಶನಿವಾರಕ್ಕೆ ಬಂದಿದೆ. ಆ ಸೋಮವಾರ ಅಲ್ಲಿನ ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ಈಗಲೂ ರಜೆ. ನಮ್ಮಲ್ಲಿ ಜಾತ್ರೆಗೆ ರಜೆ ಕೊಟ್ಟ ಹಾಗೆ.

ನವೆಂಬರ್ ಮಧ್ಯಭಾಗ ಉತ್ತರದ ರಾಜ್ಯಗಳಲ್ಲಿ ಬೆದೆಗಾಲವೂ ಹೌದು. ಹೆಣ್ಣಿನ ವಾಸನೆ ಹಿಡಿದ ಗಂಡು ಹಗಲಿನಲ್ಲೇ ಮೈಮರೆತು ಓಡಾಡುತ್ತದೆ. ಉಳಿದ ಕಾಲದಲ್ಲಿ ದೊಡ್ಡ ಕೊಂಬಿನ ಗಂಡು ಕಣ್ಣಿಗೆ ಬೀಳುವುದೇ ಅಪರೂಪ.

ನೆಲದ ವಿಷಯಕ್ಕೆ ಬಂದರೆ ದಾರಿ ಎರಡು. ರಾಷ್ಟ್ರೀಯ ಅರಣ್ಯ, ರಾಜ್ಯದ ಬೇಟೆ ಪ್ರದೇಶಗಳಂಥ ಸಾರ್ವಜನಿಕ ನೆಲ, ಇಲ್ಲವೇ ಖಾಸಗಿ ಜಮೀನು. ರಾಷ್ಟ್ರೀಯ ಉದ್ಯಾನ ಬೇರೆ, ರಾಷ್ಟ್ರೀಯ ಅರಣ್ಯ ಬೇರೆ ಎಂಬುದನ್ನು ಗಮನಿಸಿ. ಬಹುತೇಕ ಉದ್ಯಾನಗಳಲ್ಲಿ ಬೇಟೆ ನಿಷಿದ್ಧ. ಟೆಕ್ಸಾಸಿನಲ್ಲಿ ನೆಲದ ಬಹುಪಾಲು ಖಾಸಗಿ, ಹೆಚ್ಚಾಗಿ ಗುತ್ತಿಗೆ ಹಣ ಕೊಟ್ಟೇ ಬೇಟೆಯಾಡಬೇಕಾಗುತ್ತದೆ. ಖಾಸಗಿ ನೆಲವಾದರೆ ಯಜಮಾನರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. "ನನ್ನ ಮಾವನ ಸ್ನೇಹಿತರದ್ದು, ಏನೂ ಅನ್ನುವುದಿಲ್ಲ" ಎಂಬ ಮಾತು ಅರಣ್ಯಾಧಿಕಾರಿಯ ಮುಂದೆ ನಿಲ್ಲದು. ಮರಗಳ ಮೇಲೆ ನೇರಳೆ ಬಣ್ಣದ ಪಟ್ಟೆ ಕಂಡರೆ ಅಲ್ಲೇ ನಿಲ್ಲಿ. ಟೆಕ್ಸಾಸ್, ಮಿಸ್ಸೌರಿ, ಪೆನ್ಸಿಲ್ವೇನಿಯಾ ಮುಂತಾದೆಡೆ ಆ ಬಣ್ಣಕ್ಕೆ "ಒಳಗೆ ಬರಬೇಡಿ" ಎಂಬ ಫಲಕದಷ್ಟೇ ಬೆಲೆ. ವಾಸದ ಮನೆಗಳಿಂದ ಇಂತಿಷ್ಟು ದೂರವಿರಬೇಕೆಂಬ ನಿಯಮವೂ ಇದೆ. ಪೆನ್ಸಿಲ್ವೇನಿಯಾ, ಮಿಷಿಗನ್ ಎರಡರಲ್ಲೂ ಬಂದೂಕಿಗೆ ಅದು 150 ಗಜ.

ಹಗಲಿನಲ್ಲಿ ಒಮ್ಮೆ ಜಾಗ ನೋಡಿ ಬನ್ನಿ. ಹಿಕ್ಕೆ, ಗೊರಸಿನ ಗುರುತು, ಗಂಡು ಕೊಂಬುಜ್ಜಿ ತೊಗಟೆ ಸುಲಿದ ಎಳೆ ಮರ, ಮೇವಿನ ಕಡೆಯಿಂದ ಮಲಗುವ ಪೊದೆಗಳ ಕಡೆಗೆ ಹೋಗುವ ಜಾಡು ಇವನ್ನು ಹುಡುಕಿ. ಯಾವ ದಿಕ್ಕಿನಲ್ಲಿ ರಸ್ತೆ, ಮನೆ, ದನದ ಕೊಟ್ಟಿಗೆ ಇವೆ ಎಂಬುದನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಆ ದಿಕ್ಕಿಗೆ ಗುಂಡು ಹಾರಿಸುವುದಿಲ್ಲ ಎಂದು ಅಂದೇ ತೀರ್ಮಾನವಾಗಲಿ.

3. ಯಾರು ಬರುತ್ತಾರೆ, ಯಾರ ಮಾತು ನಡೆಯುತ್ತದೆ

ಐದು ಜನಕ್ಕಿಂತ ಹೆಚ್ಚು ಬಂದೂಕು ಬೇಡ. ಇದು ಕಾನೂನಲ್ಲ, ನನ್ನ ಲೆಕ್ಕ. ಮೊದಲ ಸಲ ಬರುವವರು ಇಬ್ಬರಿಗಿಂತ ಹೆಚ್ಚಿರಬಾರದು, ಒಬ್ಬೊಬ್ಬ ಹೊಸಬರಿಗೆ ಒಬ್ಬ ಅನುಭವಿ ಜೊತೆಗಿರಬೇಕು. ನೋಡಲಷ್ಟೇ ಬರುವವರು ಬರಲಿ, ಆದರೆ ಕಾಡಿನೊಳಕ್ಕೆ ಕಾಲಿಟ್ಟರೆ ಅವರಿಗೂ ಕಿತ್ತಳೆ ಬಟ್ಟೆ.

ಗುಂಪಿಗೆ ಒಬ್ಬ ಯಜಮಾನ ಇರಲಿ. ವಯಸ್ಸಿನಲ್ಲಿ ಹಿರಿಯರಲ್ಲ, ಬೇಟೆಯಲ್ಲಿ ಹಿರಿಯರು. ನಮ್ಮ ಮನೆಗಳಲ್ಲಿ ಇದು ಸುಲಭವಲ್ಲ. ಅರವತ್ತರ ದೊಡ್ಡಪ್ಪನಿಗೆ ಇಪ್ಪತ್ತೈದರ ಹುಡುಗಿ "ನಿಮ್ಮ ಬಂದೂಕು ಕೆಳಗಿಡಿ" ಎಂದು ಹೇಳಬೇಕಾಗಿ ಬರಬಹುದು. ದೊಡ್ಡಪ್ಪ ಕೆಳಗಿಡಬೇಕು. ಹೊರಡುವ ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿ ಇದನ್ನು ಬಾಯಿಬಿಟ್ಟು ಹೇಳಿ, ಒಪ್ಪಿಗೆ ಪಡೆಯಿರಿ. ಒಪ್ಪದವರು ಅಡುಗೆ ನೋಡಿಕೊಳ್ಳಲಿ.

ಅದೇ ಸಂಜೆ ತೀರ್ಮಾನವಾಗಬೇಕಾದ ಇನ್ನಷ್ಟು ಸಂಗತಿಗಳಿವೆ. ಯಾರು ಎಲ್ಲಿ ಕೂರುತ್ತಾರೆ ಎಂಬುದು ಕಾಗದದ ಮೇಲೆ ಬರಲಿ. ಹೇಳದೆ ಯಾರೂ ಜಾಗ ಬಿಡಬಾರದು. ಎಷ್ಟು ಗಂಟೆಗೆ ಮರಳಬೇಕು, ಮರಳದಿದ್ದರೆ ಯಾರು ಹುಡುಕಬೇಕು? ಕಾಡಿಗೆ ಬರದ ಒಬ್ಬರ ಬಳಿಯೂ ಈ ನಕ್ಷೆಯ ಪ್ರತಿ ಇರಲಿ. ಪಾನೀಯದ ವಿಷಯದಲ್ಲಿ ನನಗೆ ರಾಜಿ ಇಲ್ಲ. ಆ ದಿನದ ಬಂದೂಕುಗಳೆಲ್ಲ ಖಾಲಿಯಾಗಿ ಬೀಗದೊಳಗೆ ಸೇರುವವರೆಗೆ ಬಾಟಲಿ ತೆರೆಯುವಂತಿಲ್ಲ. ರಾತ್ರಿ ಅತಿಯಾಗಿ ಕುಡಿದವರು ಮರುದಿನ ನಸುಕಿನಲ್ಲಿ ಮಲಗಿಯೇ ಇರಲಿ.

ಕೆಲವರು ಸಾಲಾಗಿ ನಡೆದು ಜಿಂಕೆಗಳನ್ನು ಎಬ್ಬಿಸುವುದು, ಉಳಿದವರು ಮುಂದೆ ಕಾದು ಹೊಡೆಯುವುದು ಎಂಬ ಪದ್ಧತಿ ಅಮೆರಿಕದಲ್ಲೂ ಇದೆ. ಮಲೆನಾಡಿನ ಹಿರಿಯರು ಹಳು ಸೋವುವುದು ಎನ್ನುತ್ತಿದ್ದರಲ್ಲ, ಅದೇ. ಹೊಸಬರಿರುವ ಗುಂಪಿನಲ್ಲಿ ಇದು ಬೇಡವೇ ಬೇಡ. ಓಡುವ ಪ್ರಾಣಿ, ಎದುರಿನಿಂದ ಬರುವ ಮನುಷ್ಯರು, ಏರಿದ ಎದೆಬಡಿತ, ಈ ಮೂರೂ ಒಂದೇ ಕಡೆ ಸೇರುವ ಆಟವದು.

ಮಕ್ಕಳ ಬಗ್ಗೆ ಬಹಳ ಜನ ಕೇಳುತ್ತಾರೆ. ಹಲವು ರಾಜ್ಯಗಳಲ್ಲಿ ಮಕ್ಕಳಿಗೆಂದೇ ಮುಂಚಿತವಾಗಿ ಒಂದು ವಾರಾಂತ್ಯ ಮೀಸಲಿರುತ್ತದೆ. ಆಗ ಕಾಡಿನಲ್ಲಿ ಗದ್ದಲ ಕಡಿಮೆ, ಚಳಿಯೂ ಕಡಿಮೆ. ಮೊದಲ ವರ್ಷ ಮಗುವಿನ ಕೈಗೆ ದುರ್ಬೀನು ಕೊಡಿ, ಬಂದೂಕು ಬೇಡ. ಸತ್ತ ಪ್ರಾಣಿಯನ್ನು ನೋಡಿ ಅತ್ತರೆ ಗದರಿಸಬೇಡಿ, ನಗಬೇಡಿ. ಎರಡು ಗಂಟೆಗೇ ಬೇಸರವಾಯಿತು ಎಂದರೆ ಎದ್ದು ಬನ್ನಿ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಪಾತ್ರೆ, ಫ್ರಿಜ್ ಜಾಗದ ಮಾತುಕತೆ ಹೊರಡುವ ಮುಂಚೆಯೇ ಮುಗಿದಿರಲಿ. ಇಪ್ಪತ್ತು ಕಿಲೋ ಮಾಂಸ ಮನೆಬಾಗಿಲಿಗೆ ಬಂದ ಮೇಲೆ ಆ ಚರ್ಚೆ ಚೆನ್ನಾಗಿರುವುದಿಲ್ಲ.

4. ಬಂದೂಕು ಮತ್ತು ಗುರಿ ಅಭ್ಯಾಸ

ಯಾವ ಬಂದೂಕು ಎಂಬುದನ್ನು ರಾಜ್ಯವೇ ಅರ್ಧ ತೀರ್ಮಾನಿಸುತ್ತದೆ. ಓಹಾಯೊದಲ್ಲಿ ಜಿಂಕೆಗೆ ಎಲ್ಲ ರೈಫಲ್‌ಗಳೂ ನಡೆಯುವುದಿಲ್ಲ. ಶಾಟ್‌ಗನ್, ಇಲ್ಲವೇ ಕತ್ತು ಕಿರಿದಾಗದೆ ನೇರವಾಗಿರುವ ತೋಟಾ ಬಳಸುವ ರೈಫಲ್ ಆಗಬೇಕು. ಅವುಗಳ ಗುಂಡು ಅಷ್ಟು ದೂರ ಹೋಗುವುದಿಲ್ಲ ಎಂಬುದು ಈ ನಿಯಮದ ಹಿಂದಿನ ಯೋಚನೆ. ರೈಫಲ್‌ಗೆ ಅನುಮತಿ ಇರುವೆಡೆ ಹೊಸಬರಿಗೆ .243ರಂಥ ಭುಜಕ್ಕೆ ಕಡಿಮೆ ಒದೆಯುವ ತೋಟಾ ಒಳ್ಳೆಯದು. ಗೆಳೆಯರು ಜೋರಾಗಿ ಒದೆಯುವ .30-06 ಹಿಡಿದರೆಂದು ನೀವೂ ಅದನ್ನೇ ಹಿಡಿಯಬೇಕಿಲ್ಲ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದರೆ ಯಾವ ತೋಟಾವೂ ಪ್ರಯೋಜನವಿಲ್ಲ.

ನಾಲ್ಕು ನಿಯಮಗಳನ್ನು ನಿದ್ದೆಯಲ್ಲೂ ಹೇಳುವಷ್ಟು ಕಲಿಯಿರಿ. ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಿರಿ. ನಳಿಗೆ ಯಾವಾಗಲೂ ಅಪಾಯವಿಲ್ಲದ ದಿಕ್ಕಿಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಲಿ. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಸೇಫ್ಟಿ ಗುಂಡಿಯನ್ನು ನಂಬಬೇಡಿ, ಅದೂ ಒಂದು ಯಂತ್ರ, ಕೆಡಬಹುದು.

ಕನಿಷ್ಠ ಮೂರು ಸಲ ಅಭ್ಯಾಸದ ಮೈದಾನಕ್ಕೆ ಹೋಗಿ. ಕಿವಿಗೂ ಕಣ್ಣಿಗೂ ರಕ್ಷಣೆ ಕಡ್ಡಾಯ. ಮೊದಲ ದಿನ ಮೇಜಿನ ಮೇಲೆ ಬಂದೂಕು ಊರಿ ಅದರ ಮೇಲಿನ ದುರ್ಬೀನು ಸರಿಹೊಂದಿಸಿ. ನಂತರದ ದಿನಗಳಲ್ಲಿ ಕಾಡಿನಲ್ಲಿ ಹೇಗೆ ಕೂರುತ್ತೀರೋ ಹಾಗೆಯೇ ಕೂತು, ಅದೇ ದಪ್ಪ ಅಂಗಿ ತೊಟ್ಟು ಹೊಡೆಯಿರಿ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಭಾಗ ಸುಮಾರು 8 ಅಂಗುಲದ ತಟ್ಟೆಯಷ್ಟು. ಒಂದು ಕಾಗದದ ತಟ್ಟೆ ನೆಟ್ಟು, ಐದಕ್ಕೆ ಐದೂ ಗುಂಡು ಅದರೊಳಗೆ ಬೀಳುವ ದೂರವನ್ನು ಕಂಡುಕೊಳ್ಳಿ. ಅದು 60 ಗಜವಾದರೆ ನಿಮ್ಮ ಮಿತಿ 60 ಗಜ. ಪಕ್ಕದವರು 200 ಗಜಕ್ಕೆ ಹೊಡೆಯುತ್ತಾರೆ ಎಂಬುದು ನಿಮಗೆ ಸಂಬಂಧಿಸಿದ್ದಲ್ಲ.

ಗುಂಡಿನ ಲೋಹದ ಬಗ್ಗೆಯೂ ಯೋಚಿಸಿ. ಸೀಸದ ಗುಂಡು ದೇಹದೊಳಗೆ ಚೂರಾಗಿ, ಕಣ್ಣಿಗೆ ಕಾಣದ ಕಣಗಳು ಮಾಂಸದಲ್ಲಿ ಉಳಿಯುತ್ತವೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ಮನೆಯಲ್ಲಿ ಮಕ್ಕಳು, ಗರ್ಭಿಣಿಯರು ತಿನ್ನುವುದಾದರೆ ತಾಮ್ರದ ಗುಂಡನ್ನೇ ಆರಿಸಿ. ಬೆಲೆ ಹೆಚ್ಚು, ಆದರೆ ಒಂದು ಋತುವಿಗೆ ಬೇಕಾಗುವುದು ಎಷ್ಟು ಗುಂಡು ತಾನೇ!

5. ಬಟ್ಟೆ, ಸಾಮಾನು

ಹೊಳೆಯುವ ಕಿತ್ತಳೆ ಬಣ್ಣದಲ್ಲಿ ಸೌಂದರ್ಯ ಹುಡುಕಬೇಡಿ. ವಿಸ್ಕಾನ್ಸಿನ್‌ನಲ್ಲಿ ಸೊಂಟದ ಮೇಲಿನ ಹೊರ ಉಡುಪಿನ ಅರ್ಧದಷ್ಟಾದರೂ ಕಿತ್ತಳೆ ಅಥವಾ ಹೊಳೆಯುವ ಗುಲಾಬಿ ಇರಬೇಕು. ಪೆನ್ಸಿಲ್ವೇನಿಯಾದಲ್ಲಿ ಬಂದೂಕಿನ ಋತುವಿಗೆ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ, ಎಲ್ಲ ದಿಕ್ಕಿನಿಂದಲೂ ಕಾಣುವಂತೆ. ಜಿಂಕೆ ಇದನ್ನು ನೋಡಿ ಓಡುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅದರ ಕಣ್ಣಿಗೆ ಕೆಂಪು, ಕಿತ್ತಳೆ ಬೇರೆಯಾಗಿ ಕಾಣುವುದಿಲ್ಲ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನೀಲಿ ಜೀನ್ಸ್ ಬೇಡ, ಬಟ್ಟೆಯನ್ನು ಬೆಳ್ಳಗೆ ಹೊಳೆಯಿಸುವ ಸಾಬೂನಿನಲ್ಲಿ ಒಗೆಯುವುದೂ ಬೇಡ.

ಒಳಗೆ ಹತ್ತಿ ಬಟ್ಟೆ ತೊಡಬೇಡಿ. ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ, ಕೂತಲ್ಲೇ ನಡುಕ ಹಿಡಿಯುತ್ತದೆ. ಉಣ್ಣೆಯ ಒಳಬಟ್ಟೆ, ಎರಡು ಜೊತೆ ಕಾಲುಚೀಲ, ತಲೆದೀಪ, ಮೊನಚಾದ ಚಾಕು, ರಬ್ಬರ್ ಕೈಗವಸು, ಹಗ್ಗ, ಸೀಟಿ, ನೀರು, ಪ್ರಥಮ ಚಿಕಿತ್ಸೆಯ ಚೀಲ ಇಷ್ಟಿದ್ದರೆ ಸಾಕು. ಅಂಗಡಿಯಲ್ಲಿ ತೋರಿಸುವ ಉಳಿದ ಮುಕ್ಕಾಲು ಸಾಮಾನು ಮೊದಲ ವರ್ಷಕ್ಕೆ ದಂಡ. ಲೈಮ್ ಕಾಯಿಲೆ ಹರಡುವ ಉಣ್ಣಿಗಳು ನವೆಂಬರಿನಲ್ಲೂ ಚುರುಕಾಗಿರುತ್ತವೆ. ಪರ್ಮೆಥ್ರಿನ್ ಎಂಬ ಔಷಧವನ್ನು ಹಿಂದಿನ ದಿನವೇ ಬಟ್ಟೆಗೆ ಸಿಂಪಡಿಸಿ ಒಣಗಿಸಿ. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವಂತಿಲ್ಲ. ರಾತ್ರಿ ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಕೂದಲಂಚು ತಡಕಿ ನೋಡಿಕೊಳ್ಳಿ.

6. ಕೂರುವುದು

ಹೆಚ್ಚಿನ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಬೇಟೆಗೆ ಅವಕಾಶ. ಸಂಜೆಯ ಗಡುವು ರಾಜ್ಯಕ್ಕೊಂದು ಬಗೆ, ಆ ವರ್ಷದ ನಿಯಮ ಪುಸ್ತಕದ ಕೋಷ್ಟಕ ನೋಡಿ. ಬೆಳಗಿನ ಸಮಯಕ್ಕೂ ಅರ್ಧ ಗಂಟೆ ಮುಂಚೆ ನಿಮ್ಮ ಜಾಗದಲ್ಲಿರಬೇಕು. ಕತ್ತಲಲ್ಲಿ ನಡೆಯುವಾಗ ಬಂದೂಕು ಖಾಲಿಯಿರಲಿ, ದೀಪ ಹೊತ್ತಿಸಿಕೊಂಡೇ ಹೋಗಿ. ದೀಪಕ್ಕೆ ಜಿಂಕೆ ಬೆದರೀತು ಎಂದು ಕತ್ತಲಲ್ಲಿ ನುಸುಳುವ ಜಾಣತನ ಬೇಡ.

ಜಿಂಕೆಯ ಕಣ್ಣನ್ನು ಮೋಸಗೊಳಿಸಬಹುದು, ಮೂಗನ್ನು ಆಗದು. ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುವಂತೆ ಕೂರಬೇಕು. ಗುಡ್ಡಗಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೇರುತ್ತದೆ, ಸಂಜೆ ತಣ್ಣಗಾದಂತೆ ಕಣಿವೆಗಿಳಿಯುತ್ತದೆ. ಅಂದರೆ ಬಿಸಿಲು ಬಂದ ಮೇಲೆ ಮೇಲ್ಭಾಗದಲ್ಲಿ, ಸಂಜೆ ಕೆಳಭಾಗದಲ್ಲಿ ಕೂರುವುದು ಲಾಭ. ಚಿಟಿಕೆ ಹಿಟ್ಟನ್ನು ಬಿಟ್ಟು ನೋಡಿದರೆ ಗಾಳಿಯ ದಿಕ್ಕು ತಿಳಿಯುತ್ತದೆ. ಬೆಳಿಗ್ಗೆ ಅತ್ತರು, ಪರಿಮಳದ ಎಣ್ಣೆ, ಒಗ್ಗರಣೆಯ ವಾಸನೆ ಹಿಡಿದ ಜಾಕೆಟ್ ಯಾವುದೂ ಬೇಡ. ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಕೋಟು ಒಂದು ಮೈಲಿ ದೂರಕ್ಕೆ ನಿಮ್ಮ ಆಗಮನವನ್ನು ಸಾರುತ್ತದೆ.

ಮರದ ಅಟ್ಟಣಿಗೆ ಏರುವವರಿಗೆ ಗಂಭೀರ ಎಚ್ಚರಿಕೆ. ಜಿಂಕೆ ಬೇಟೆಯಲ್ಲಿ ಗುಂಡೇಟಿಗಷ್ಟೇ ಹೆದರುವವರು ಅಟ್ಟಣಿಗೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುತ್ತಾರೆ. ಇಡೀ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿಯನ್ನು ಏರುವ ಮೊದಲೇ ತೊಟ್ಟು, ನೆಲ ಬಿಡುವಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಮರಕ್ಕೆ ಕಟ್ಟಿಕೊಂಡಿರಬೇಕು. ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಏರಬಾರದು. ಖಾಲಿ ಮಾಡಿ, ನಳಿಗೆ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ಮೇಲೇರಿದ ಮೇಲೆ ಎಳೆದುಕೊಳ್ಳಬೇಕು. ಮೊದಲ ವರ್ಷ ನೆಲದ ಮೇಲೆ, ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂರುವುದೇ ಲೇಸು.

ಕೂತ ಮೇಲೆ ಮಾಡುವುದೇನೂ ಇಲ್ಲ. ಏನೂ ಮಾಡದಿರುವುದೇ ಕಷ್ಟ. ಮೊಬೈಲನ್ನು ಮೌನಕ್ಕೆ ಹಾಕಿ ಒಳಜೇಬಿನಲ್ಲಿಡಿ. ಎಲೆ ಸರಿದ ಸದ್ದೆಲ್ಲ ಅಳಿಲಿನದೇ ಆಗಿರುತ್ತದೆ, ಜಿಂಕೆ ಬರುವಾಗ ಬಹುಮಟ್ಟಿಗೆ ಸದ್ದೇ ಇರುವುದಿಲ್ಲ. ಬಂದೂಕಿನ ದುರ್ಬೀನಿನಲ್ಲಿ ಸುತ್ತ ನೋಡಬೇಡಿ. ಆ ಪೊದೆಯಾಚೆ ಇರುವುದು ನಿಮ್ಮ ತಮ್ಮನಾಗಿದ್ದರೆ ನೀವು ಅವನಿಗೇ ಗುರಿಯಿಟ್ಟಂತಾಯಿತು. ನೋಡಲು ಕೈದುರ್ಬೀನು ಬೇರೆಯಿರಲಿ.

7. ಹೊಡೆಯುವುದು, ಹೊಡೆಯದಿರುವುದು

ಹೊಡೆಯಬಹುದಾದ ನಿಲುವು ಎರಡೇ. ಜಿಂಕೆ ಅಡ್ಡಲಾಗಿ ನಿಂತು ಪಕ್ಕೆ ಪೂರ್ತಿ ತೋರಿಸಬೇಕು, ಇಲ್ಲವೇ ತುಸು ಅತ್ತ ತಿರುಗಿ ನಿಂತಿರಬೇಕು. ಮುಂಗಾಲಿನ ನೇರಕ್ಕೆ ಸ್ವಲ್ಪ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ಎದುರು ಮುಖವಾಗಿ, ಹಿಂಬದಿಯಿಂದ, ತಲೆಗೆ, ಓಡುವಾಗ ಹೊಡೆಯುವುದು ಹೊಸಬರಿಗಲ್ಲ.

ಹಿಂದೆ ಮಣ್ಣಿನ ದಿಬ್ಬವಿದೆಯೇ? ಜಿಂಕೆ ದಿಣ್ಣೆಯ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತಿದ್ದರೆ ಎಷ್ಟೇ ದೊಡ್ಡ ಕೊಂಬಿರಲಿ, ಹೊಡೆಯಬೇಡಿ. ರೈಫಲ್ ಗುಂಡು ಎರಡು ಮೂರು ಮೈಲಿ ಹೋಗಬಲ್ಲದು. ಅದರ ಹಿಂದೆಯೇ ಇನ್ನೊಂದು ಜಿಂಕೆ ಇದ್ದರೂ ಕಾಯಿರಿ. ಒಂದು ಗುಂಡಿಗೆ ಎರಡು ಬಿದ್ದರೆ ನಿಮ್ಮ ಬಳಿ ಟ್ಯಾಗ್ ಒಂದೇ ಇರುತ್ತದೆ.

ಕೈ ನಡುಗುತ್ತಿದ್ದರೆ ಹೋಗಲಿ ಬಿಡಿ. ಸಂಜೆ ಗೆಳೆಯರು ರೇಗಿಸಬಹುದು. ರೇಗಿಸಲಿ.

8. ಹುಡುಕುವುದು

ಗುಂಡು ಹಾರಿದ ಕೂಡಲೇ ಎದ್ದು ಓಡುವುದು ಹೊಸಬರೆಲ್ಲರೂ ಮಾಡುವ ತಪ್ಪು. ಹೃದಯ, ಶ್ವಾಸಕೋಶಕ್ಕೆ ಚೆನ್ನಾಗಿ ತಗುಲಿದ ಜಿಂಕೆಯೂ ನೂರು ಗಜ ಓಡಿ ಬೀಳುತ್ತದೆ. ಬೆನ್ನಟ್ಟಿದರೆ ಗಾಯಗೊಂಡದ್ದು ಮೈಲಿಗಟ್ಟಲೆ ಹೋಗಿ, ಎಲ್ಲೋ ನರಳಿ ಸಾಯುತ್ತದೆ. ಬಂದೂಕಿಗೆ ಮತ್ತೆ ತೋಟಾ ತುಂಬಿ, ಸೇಫ್ಟಿ ಹಾಕಿ, ಕೊನೆಯದಾಗಿ ಕಂಡ ಮರವನ್ನು ನೆನಪಿಟ್ಟು, ಗಡಿಯಾರ ನೋಡಿ ಅರ್ಧ ಗಂಟೆ ಕೂರಿ.

ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋಗಿ ರಕ್ತ ನೋಡಿ. ತಿಳಿಗೆಂಪಾಗಿ ನೊರೆನೊರೆಯಾಗಿದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಸಿಗುತ್ತದೆ. ಕಡುಗೆಂಪಾಗಿದ್ದರೆ ಯಕೃತ್ತು, ಇನ್ನೂ ಮೂರು ನಾಲ್ಕು ಗಂಟೆ ಬಿಡಿ. ಹಸಿರು ಕಲೆತು ಕೆಟ್ಟ ವಾಸನೆ ಬಂದರೆ ಹೊಟ್ಟೆ ಅಥವಾ ಕರುಳಿಗೆ ತಗುಲಿದೆ, ಎಂಟು ಗಂಟೆಯಾದರೂ ಕಾಯಬೇಕು. ಸದ್ದಿಲ್ಲದೆ ಹಿಂದಕ್ಕೆ ಬನ್ನಿ. ಇಂಥ ಸಮಯದಲ್ಲಿ ಜಾಡು ಹಿಡಿಯುವ ನಾಯಿಯನ್ನು ಹಗ್ಗ ಕಟ್ಟಿ ಬಳಸಲು ಹಲವು ರಾಜ್ಯಗಳಲ್ಲಿ ಅನುಮತಿ ಇದೆ. ಒಬ್ಬರು ಕೊನೆಯ ರಕ್ತದ ಹನಿಯ ಬಳಿ ನಿಲ್ಲಲಿ, ಇನ್ನೊಬ್ಬರು ಮುಂದೆ ಹುಡುಕಲಿ. ಐದಾರು ಜನ ಒಟ್ಟಿಗೆ ತುಳಿದಾಡಿದರೆ ಗುರುತೆಲ್ಲ ಅಳಿಸಿಹೋಗುತ್ತದೆ.

ಜಿಂಕೆ ಬೇರೊಬ್ಬರ ಜಮೀನಿಗೆ ದಾಟಿದರೆ ಬೇಲಿಯ ಬಳಿ ನಿಂತು ಆ ಯಜಮಾನರಿಗೆ ಫೋನ್ ಮಾಡಿ. ಅವರು ಒಪ್ಪದಿದ್ದರೆ ಅರಣ್ಯಾಧಿಕಾರಿಯನ್ನು ಕರೆಯಿರಿ.

ಬಿದ್ದ ಜಿಂಕೆಯ ಹತ್ತಿರ ಹಿಂಬದಿಯಿಂದ ಹೋಗಿ, ಉದ್ದನೆಯ ಕೋಲಿನಿಂದ ಕಣ್ಣು ಮುಟ್ಟಿ. ರೆಪ್ಪೆ ಮಿಟುಕದಿದ್ದರೆ ಸತ್ತಿದೆ. ಬಂದೂಕು ಖಾಲಿ ಮಾಡಿ ಪಕ್ಕಕ್ಕಿಟ್ಟ ಮೇಲೆಯೇ ಅಪ್ಪುಗೆ, ಫೋಟೋ ಎಲ್ಲ.

9. ಟ್ಯಾಗ್, ಬಗೆಯುವುದು, ತಣಿಸುವುದು

ಚಾಕು ತೆಗೆಯುವ ಮೊದಲು ಟ್ಯಾಗ್. ದಿನಾಂಕ ಗುರುತಿಸಿ, ನಿಮ್ಮ ರಾಜ್ಯ ಹೇಳಿದ ರೀತಿಯಲ್ಲಿ ಹಚ್ಚಿ. ಗೆಳೆಯ ಹೊಡೆದ ಜಿಂಕೆಗೆ ನಿಮ್ಮ ಟ್ಯಾಗ್ ಕಟ್ಟುವುದು ಬಹುತೇಕ ರಾಜ್ಯಗಳಲ್ಲಿ ಅಪರಾಧ. "ನನ್ನದು ಖಾಲಿಯಾಯಿತು, ನಿನ್ನದು ಕೊಡು" ಎಂದು ಕೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಇಲ್ಲ ಎನ್ನಿ. ನಂತರ ಫೋನ್ ಅಥವಾ ಆನ್‌ಲೈನ್ ಮೂಲಕ ವರದಿ ಮಾಡಬೇಕು. ವಿಸ್ಕಾನ್ಸಿನ್‌ನಲ್ಲಿ ಮರುದಿನ ಸಂಜೆ 5 ಗಂಟೆಯೊಳಗೆ, ಮಿಷಿಗನ್‌ನಲ್ಲಿ 72 ಗಂಟೆಯೊಳಗೆ.

ಕೈಗವಸು ತೊಟ್ಟು, ಜಿಂಕೆಯನ್ನು ಅಂಗಾತ ಮಲಗಿಸಿ. ಎದೆಮೂಳೆಯ ಕೆಳಗೆ ಚರ್ಮವನ್ನಷ್ಟೇ ಎತ್ತಿ ಸಣ್ಣ ಗಾಯ ಮಾಡಿ. ಎರಡು ಬೆರಳನ್ನು ಒಳಗಿಟ್ಟು ಕರುಳನ್ನು ಕೆಳಗೊತ್ತಿ, ಬೆರಳ ನಡುವೆ ಚಾಕುವಿನ ಅಲಗನ್ನು ಮೇಲ್ಮುಖವಾಗಿಸಿ ತೊಡೆಸಂದಿಯವರೆಗೆ ಸೀಳಿ. ಜಠರ, ಕರುಳು, ಮೂತ್ರಕೋಶ ಒಡೆಯಬಾರದು. ಇಡೀ ಕೆಲಸದ ಗುಟ್ಟು ಇಷ್ಟೇ. ಗುದದ ಸುತ್ತ ಕೊರೆದು ಸಡಿಲಿಸಿ, ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯನ್ನು ಪಕ್ಕೆಗುಂಟ ಕತ್ತರಿಸಿ, ಒಳಗೆ ಕೈಹಾಕಿ ಗಂಟಲ ನಾಳ ಕತ್ತರಿಸಿದರೆ ಒಳಾಂಗಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಹಿಂಗಾಲಿನ ಒಳಬದಿಯ ಕಪ್ಪು ಕೂದಲಿನ ಗ್ರಂಥಿಯನ್ನು ಮುಟ್ಟಿದ ಕೈಯನ್ನು ಮಾಂಸಕ್ಕೆ ತಾಗಿಸಬೇಡಿ, ವಾಸನೆ ಹೋಗುವುದಿಲ್ಲ. ಮೊದಲ ಸಲ ಅನುಭವಿಯೊಬ್ಬರು ಮಾಡುವುದನ್ನು ನೋಡಿ, ಎರಡನೆಯದಕ್ಕೆ ನೀವು ಕೈಹಾಕಿ.

ಬಳಿಕ ಬೇಗ ತಣಿಸಬೇಕು. ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ಹೊರಗೆ ಅಷ್ಟು ಚಳಿ ಇಲ್ಲದಿದ್ದರೆ ಚೀಲ ತುಂಬ ಮಂಜುಗಡ್ಡೆ ತುಂಬಿ ಎದೆಗೂಡಿನೊಳಗಿಡಿ.

ಎಳೆದು ತರುವ ಕೆಲಸವನ್ನು ಹಗುರವಾಗಿ ನೋಡಬೇಡಿ. ವರ್ಷವಿಡೀ ಕುರ್ಚಿಯಲ್ಲಿ ಕೂತ ದೇಹ, ಚಳಿ, ಐವತ್ತು ಅರವತ್ತು ಕಿಲೋ ಭಾರ. ನಮ್ಮವರಲ್ಲಿ ಹೃದಯದ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ ಎಂಬುದು ಗೊತ್ತಿರುವ ವಿಷಯವೇ. ಇಬ್ಬರು ಮೂವರು ಸರದಿಯಲ್ಲಿ ಎಳೆಯಿರಿ, ಪ್ಲಾಸ್ಟಿಕ್ ಜಾರುಬಂಡಿ ಬಳಸಿ. ಎದೆ ಬಿಗಿದಂತಾದರೆ ಜಿಂಕೆ ಅಲ್ಲೇ ಇರಲಿ, ಸಹಾಯಕ್ಕೆ ಕರೆ ಮಾಡಿ.

10. ಮಾಂಸ ಮನೆಗೆ ಬರುವ ಮುನ್ನ

ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಹೆಸರು ಕೇಳಿರಬಹುದು. ಜಿಂಕೆಗಳ ಮಿದುಳನ್ನು ತಿನ್ನುವ, ಮೈ ಸೊರಗಿಸುವ, ವಾಸಿಯಾಗದ ರೋಗ. ಪ್ರಿಯಾನ್ ಎಂಬ ತಿರುಚಿದ ಪ್ರೋಟೀನಿನಿಂದ ಬರುತ್ತದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲು ಗಮನಕ್ಕೆ ಬಂದದ್ದು ಈಗ 30ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿದೆ. ಮನುಷ್ಯರಿಗೆ ತಗುಲಿದ ಪ್ರಕರಣ ಈವರೆಗೆ ದೃಢಪಟ್ಟಿಲ್ಲ. ಆದರೂ ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷಿಸಿಯೇ ತಿನ್ನಿ, ರೋಗ ಕಂಡುಬಂದರೆ ತಿನ್ನಬೇಡಿ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಎಷ್ಟು ಬೇಯಿಸಿದರೂ ಪ್ರಿಯಾನ್ ಸಾಯುವುದಿಲ್ಲ, ಹಾಗಾಗಿ "ಕುಕ್ಕರಿನಲ್ಲಿ ಹತ್ತು ಸೀಟಿ ಹಾಕಿಸಿದರಾಯಿತು" ಎನ್ನುವವರ ಮಾತು ಕೇಳಬೇಡಿ. ಮಾದರಿ ಕೊಡುವ ಪೆಟ್ಟಿಗೆಗಳನ್ನು ರಾಜ್ಯ ಸರ್ಕಾರಗಳೇ ಇಟ್ಟಿರುತ್ತವೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿ ಪ್ರತ್ಯೇಕವಾಗಿರಲಿ. ಬೆನ್ನುಹುರಿ, ತಲೆಬುರುಡೆ ಕತ್ತರಿಸಬೇಡಿ. ಮೂಳೆ ಸಮೇತ ರಾಜ್ಯದ ಗಡಿ ದಾಟಿಸಲು ನಿರ್ಬಂಧವಿರುತ್ತದೆ, ವಿಚಾರಿಸಿ.

ಕತ್ತರಿಸಿ ಪೊಟ್ಟಣ ಕಟ್ಟಿಕೊಡುವ ಅಂಗಡಿಗಳು ಋತುವಿನ ಮೊದಲ ವಾರವೇ ತುಂಬಿಹೋಗುತ್ತವೆ, ಮುಂಚಿತವಾಗಿ ಮಾತಾಡಿಡಿ. ಸ್ವಂತ ಕೈಯಲ್ಲಿ ಮಾಡುವವರು ಬಿಳಿ ಕೊಬ್ಬನ್ನು ಪೂರ್ತಿ ತೆಗೆಯಬೇಕು. ಆಡಿನ ಕೊಬ್ಬಿನಂತಲ್ಲ ಇದು, ಬಾಯಿಗೆ ಮೇಣದಂತೆ ಅಂಟುತ್ತದೆ. ಬೆನ್ನಿನ ಎರಡು ಉದ್ದ ಪಟ್ಟಿಗಳು ಅತಿ ಮೃದು, ಅವನ್ನು ಸಾರಿಗೆ ಹಾಕಿ ಹಾಳು ಮಾಡಬೇಡಿ. ಹಂಚಿನ ಮೇಲೆ ಮೆಣಸು, ಉಪ್ಪು ಹಾಕಿ ಬಾಡಿಸಿದರೆ ಸಾಕು. ಕಾಲಿನ ಮಾಂಸ ಸಾರಿಗೆ, ಕುತ್ತಿಗೆಯದು ನಿಧಾನ ಬೇಯುವ ಪಲ್ಯಕ್ಕೆ. ಕೈಮ ಮಾಡಿದ್ದನ್ನು ಮಾತ್ರ ಒಳಗೆ 71 ಡಿಗ್ರಿ ಮುಟ್ಟುವವರೆಗೆ ಬೇಯಿಸಿ.

ಹಂಚುವುದನ್ನೂ ಕಾಡಿಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ. ಯಾರಿಗೇ ಸಿಗಲಿ, ಸಮಪಾಲು ಎಂಬ ಪದ್ಧತಿ ನನಗೆ ಇಷ್ಟ. ಮಾರುವಂತಿಲ್ಲ, ಕಾಡುಮಾಂಸದ ಮಾರಾಟ ಅಪರಾಧ. ಹೆಚ್ಚಾದರೆ ದಾನ ಕೊಡಬಹುದು. ಪೆನ್ಸಿಲ್ವೇನಿಯಾದ ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್‌ನಂಥ ವ್ಯವಸ್ಥೆಗಳು ಅದನ್ನು ಹಸಿದವರಿಗೆ ತಲುಪಿಸುತ್ತವೆ. ಕೊಂಬನ್ನು ಊರಿನ ಹಜಾರದಲ್ಲಿ ತೂಗುಹಾಕುವ ಆಸೆಯಿಂದ ಸೂಟ್‌ಕೇಸಿಗೆ ಹಾಕಬೇಡಿ. 2023ರಲ್ಲಿ ಹುಲಿ ಉಗುರಿನ ಪದಕಗಳು ಕರ್ನಾಟಕದಲ್ಲಿ ಎಬ್ಬಿಸಿದ ಗದ್ದಲ ನೆನಪಿದೆಯಲ್ಲವೇ?

ಪೊಟ್ಟಣಗಳ ಮೇಲೆ ದಿನಾಂಕ, ಯಾವ ಭಾಗ, ಯಾವ ಜಿಂಕೆ ಎಂದು ಬರೆಯಿರಿ. ಮನೆಗೆ ಊಟಕ್ಕೆ ಬಂದವರಿಗೆ ಬಡಿಸುವ ಮೊದಲು ಇದು ಏನು ಎಂದು ಹೇಳಿ. ತಿಂದ ಮೇಲೆ ಅಲ್ಲ.